'ಪ್ರಾದೇಶಿಕ ಕತೆಗಾರ' ಅಂದರೆ ಯಾರು?

ಎಲ್ಲರಿಗೂ ನಮಸ್ಕಾರ.

ಫಿಲಿಪ್ಪೀನ್ಸಿನ ಕತೆಗಾರ ಮಾರ್ಸೆಲ್ ನವಾರಾ ಅವರ ಪರಿಚಯ ಬರೆಯುತ್ತಿದ್ದೇನೆ. ಅಲ್ಲಿ ಇಂಥವರನ್ನು 'ರೀಜನಲ್ ರೈಟರ್' ಅನ್ನುತ್ತಾರೆ. ಇದಕ್ಕೆ ಕನ್ನಡದಲ್ಲಿ 'ಪ್ರಾದೇಶಿಕ ಕತೆಗಾರ' ಸರಿಹೋಗುತ್ತದೆಯೇ? ನನಗಂತೂ ಒಪ್ಪಿಗೆಯಾಗುತ್ತಿಲ್ಲ.

ನಮ್ಮಲ್ಲಿ 'ಪ್ರಾದೇಶಿಕ ಕಾದಂಬರಿ' ಅಂದರೆ ಮಲೆನಾಡೋ ಕರಾವಳಿಯೋ, ಒಂದು ಸೀಮೆಯ ಬದುಕು ಮತ್ತು ಮಾತು ತುಂಬಿಕೊಂಡ ಬರಹ. ಫಿಲಿಪ್ಪೀನ್ಸಿನಲ್ಲಿ ಹಾಗಲ್ಲ. ಇಂಗ್ಲಿಷ್ ಮತ್ತು ತಗಾಲೋಗ್ (ಮನಿಲಾ ಸೀಮೆಯ ನುಡಿ) ಬಿಟ್ಟು ಅಲ್ಲಿನದೇ ಬೇರೆ ನುಡಿಯಲ್ಲಿ ಬರೆದವರೆಲ್ಲ ಅಲ್ಲಿ 'ರೀಜನಲ್'. ಕತೆ ಯಾವ ಊರಿನದಾದರೂ ಅಷ್ಟೇ.

ನವಾರಾ (1914–1984) ಸೆಬು ದ್ವೀಪದ ಕಾರ್ಕಾರ್‌ನ ತುಯೊಮ್ ಊರಿನವರು. ಬರೆದದ್ದು ಅಲ್ಲಿನ ಸೆಬುವಾನೊ ನುಡಿಯಲ್ಲಿ. ಅವರ 'ಉಗ್ ಗಿಯಾನೊದ್ ಆಕೊ' 1937ರ ಕತೆ. 'ಮತ್ತು ನಾನು ಕೊಚ್ಚಿಹೋದೆ' ಅನ್ನಬಹುದೇನೋ. ಸೆಬುವಾನೊದ ಮೊದಲ ಆಧುನಿಕ ಸಣ್ಣಕತೆ ಎಂದು ಅದನ್ನೇ ಎಣಿಸುತ್ತಾರೆ. ಅದೇ ವರ್ಷ ಡಿಸೆಂಬರ್ 30ರಂದು ಅಧ್ಯಕ್ಷ ಮಾನುಯೆಲ್ ಕೆಸೋನ್ ಒಂದು ಆದೇಶ ಹೊರಡಿಸಿದರು. ರಾಷ್ಟ್ರಭಾಷೆಗೆ ತಗಾಲೋಗೇ ತಳಪಾಯ ಅಂತ. ಸೆಬುವಾನೊ ಸಣ್ಣಕತೆ ಹೊಸ ದಾರಿ ಹಿಡಿದ ವರ್ಷವೇ ಆ ನುಡಿ ಎರಡನೇ ಸಾಲಿಗೆ ಸರಿಯಿತು. ನನಗೆ ಇದು ತುಂಬ ನೋವಿನ ವಿಷಯ.

ಯಾಕೆಂದರೆ ಸೆಬುವಾನೊ ಸಣ್ಣ ನುಡಿಯೇನಲ್ಲ. ಸೆಬು, ಬೊಹೊಲ್, ಮಿಂದನಾವೊದ ಬಹುಭಾಗ ಸೇರಿ ಸುಮಾರು 2 ಕೋಟಿ ಜನ ಆಡುತ್ತಾರೆ. ಕಳೆದ ಶತಮಾನದಲ್ಲಿ ಹಲವು ದಶಕ ಅದನ್ನು ತಾಯ್ನುಡಿಯಾಗಿ ಆಡುವವರು ತಗಾಲೋಗ್‌ನವರಿಗಿಂತ ಜಾಸ್ತಿಯೇ ಇದ್ದರು. 1930ರಲ್ಲಿ ಶುರುವಾದ 'ಬಿಸಾಯಾ' ವಾರಪತ್ರಿಕೆಯಲ್ಲಿ ಜನ ಕತೆಗಳನ್ನು ತಮ್ಮ ನುಡಿಯಲ್ಲೇ ಓದುತ್ತಿದ್ದರು. (ಆ ಪತ್ರಿಕೆ ಹುಟ್ಟಿದ್ದು ಮಾತ್ರ ಮನಿಲಾದಲ್ಲಿ.) ನವಾರಾ ಅವರ ಆಯ್ದ ಕತೆಗಳು ಫಿಲಿಪಿನೊ (ತಗಾಲೋಗ್ ತಳಪಾಯದ ಆ ರಾಷ್ಟ್ರಭಾಷೆ) ಅನುವಾದದಲ್ಲಿ ಪುಸ್ತಕವಾಗಿ ಬಂದದ್ದು 1986ರಲ್ಲಿ, ತೆರೆಸಿತಾ ಮಾಸೆದಾ ಅವರಿಂದ. ಅಷ್ಟರಲ್ಲಿ ನವಾರಾ ತೀರಿಕೊಂಡಿದ್ದರು.

ದೆಹಲಿ ಕಡೆಯಿಂದ ನೋಡಿದರೆ ಕನ್ನಡವೂ 'ಪ್ರಾದೇಶಿಕ ಭಾಷೆ'ಯೇ. ಆದರೆ ಕನ್ನಡದಲ್ಲಿ ಬರೆದ ಮಾತ್ರಕ್ಕೆ ಯಾರನ್ನಾದರೂ ನಾವು 'ಪ್ರಾದೇಶಿಕ ಕತೆಗಾರ' ಅಂತೀವಾ? ಇಲ್ಲ ಅಲ್ವಾ.

ನವಾರಾ ಒಬ್ಬರ ಮಾತಾದರೆ 'ಸೆಬುವಾನೊ ಕತೆಗಾರ' ಅಂದರೆ ಸಾಕು, ಹಾಗೇ ಬರೆಯುತ್ತೇನೆ. ತೊಡಕಿರುವುದು ಅಲ್ಲಿನ ಇಲೊಕಾನೊ, ಹಿಲಿಗಾಯ್ನೊನ್ ನುಡಿಗಳ ಬರಹಗಾರರನ್ನೂ ಸೇರಿಸಿ ಹೇಳುವಾಗ. 'ಸೀಮೆನುಡಿ' ಅಂದರೆ ತಗಾಲೋಗ್‌ನದೇ ಒಂದು ಬಗೆ ಅನ್ನಿಸಿಬಿಡುತ್ತದೆ, ಅದು ತಪ್ಪು. 'ಉಪಭಾಷೆ'ಯಂತೂ ಬೇಡವೇ ಬೇಡ. 'ದೇಸಿ' ಅಂದರೆ ನಮಗೆ ಕೂಡಲೇ 'ಮಾರ್ಗ' ನೆನಪಾಗುತ್ತದೆ. 'ನಾಡನುಡಿಗಳ ಬರಹಗಾರರು' ಅಂದರೆ ಹೇಗೆ? ಅಥವಾ ಈ ಅರ್ಥಕ್ಕೆ ಹಳೆಯ ಪತ್ರಿಕೆಗಳಲ್ಲೋ ಅನುವಾದಗಳಲ್ಲೋ ಬೇರೆ ಪದ ಬಳಸಿದ್ದನ್ನು ಯಾರಾದರೂ ನೋಡಿದ್ದೀರಾ? ಸಿಕ್ಕಿದ್ದರೆ ಆ ವಾಕ್ಯವನ್ನೂ ಜೊತೆಗೆ ಹಾಕಿ.