ಪ್ರಮೇಯದ ಹೇಳಿಕೆ ಬರುತ್ತದೆ, ಸಾಧನೆ ಬರುವುದಿಲ್ಲ: ಏಕೆ?

ಪ್ರಶ್ನೆ (ಪ್ರೌಢಶಾಲಾ ಶಿಕ್ಷಕಿ, ಮಧುಗಿರಿ):
ಹತ್ತನೇ ತರಗತಿಯ ಮಕ್ಕಳು ಥೇಲ್ಸ್ ಪ್ರಮೇಯದ (ತ್ರಿಭುಜದ ಒಂದು ಬಾಹುವಿಗೆ ಸಮಾಂತರವಾಗಿ ಎಳೆದ ರೇಖೆ ಉಳಿದೆರಡು ಬಾಹುಗಳನ್ನು ಒಂದೇ ಅನುಪಾತದಲ್ಲಿ ಭಾಗಿಸುತ್ತದೆ) ಹೇಳಿಕೆಯನ್ನು ತಪ್ಪಿಲ್ಲದೆ ಒಪ್ಪಿಸುತ್ತಾರೆ. ಆದರೆ ದತ್ತ, ಸಾಧನೀಯ ಬರೆದು ರಚನೆಯ ಹಂತದಲ್ಲೇ ನಿಂತುಬಿಡುತ್ತಾರೆ. ಇದು ಕಾರ್ಯನಿರ್ವಾಹಕ ಸಾಮರ್ಥ್ಯಗಳ, ಅಂದರೆ ಯೋಚನೆಯನ್ನು ನಿಯಂತ್ರಿಸಿ ನಡೆಸುವ ಮನಸ್ಸಿನ ಸಾಮರ್ಥ್ಯಗಳ, ಕೊರತೆಯೇ?

ಉತ್ತರ (ಚಿಂತಾಮಣಿ):
ಕೊರತೆ ಎನ್ನುವುದಕ್ಕಿಂತ ಹೊರೆ ಎನ್ನಬಹುದು, ಮೇಡಂ. ಮನೋವಿಜ್ಞಾನಿ ಮಿಯಾಕೆ ಮತ್ತು ಸಂಗಡಿಗರು 2000ರಲ್ಲಿ ವಿವರಿಸಿದ ಮೂರು ಸಾಮರ್ಥ್ಯಗಳು, ಅಂದರೆ ಕಾರ್ಯಸ್ಮೃತಿಯನ್ನು (ಕೆಲಸ ಮಾಡುವಾಗ ವಿಷಯಗಳನ್ನು ತಾತ್ಕಾಲಿಕವಾಗಿ ಹಿಡಿದಿಡುವ ನೆನಪನ್ನು) ನವೀಕರಿಸುವುದು, ಥಟ್ಟನೆ ಹೊಳೆದದ್ದನ್ನು ತಡೆಹಿಡಿಯುವುದು ಮತ್ತು ದೃಷ್ಟಿಯನ್ನು ಬದಲಿಸುವುದು, ಈ ಸಾಧನೆಯಲ್ಲಿ ಒಟ್ಟಿಗೆ ಬೇಕಾಗುತ್ತವೆ. ವಿಸ್ತೀರ್ಣದ ಮೂಲಕ ಸಾಧಿಸುವಾಗ ಒಂದೇ ತ್ರಿಭುಜಕ್ಕೆ ಒಮ್ಮೆ ಒಂದು ಬಾಹುವನ್ನೂ ಮತ್ತೊಮ್ಮೆ ಇನ್ನೊಂದು ಬಾಹುವನ್ನೂ ಪಾದವೆಂದು ಕಾಣಬೇಕು. ಬಹುತೇಕ ಮಕ್ಕಳು ಎಡವುವುದು ಇಲ್ಲಿಯೇ ಎಂದು ನನ್ನ ಅನಿಸಿಕೆ.

ಉತ್ತರ (ಮಾಲೂರು):
ಒಪ್ಪುತ್ತೇನೆ. ಚಿತ್ರದಲ್ಲಿ ಲಂಬದಂತೆ ಕಂಡ ಮಾತ್ರಕ್ಕೆ 90 ಡಿಗ್ರಿ ಎಂದು ಬರೆಯುವುದು ತಡೆಹಿಡಿಯುವಿಕೆಯ ತೊಡಕು. ದತ್ತಾಂಶಗಳನ್ನು ಚಿತ್ರದ ಮೇಲೆಯೇ ಬಣ್ಣದ ಸೀಮೆಸುಣ್ಣದಲ್ಲಿ ಗುರುತಿಸಿದರೆ ಸ್ಮೃತಿಯ ಹೊರೆ ಇಳಿಯುತ್ತದೆ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಎರಡು ಪಾದಗಳಿಗೆ ಎರಡು ಬಣ್ಣ ಬಳಸಿ ನೋಡುತ್ತೇನೆ.