ಸರ್ವರ್ ಅಪ್‌ಗ್ರೇಡ್ ಪರೀಕ್ಷೆ: ‘ಹೊಂದಾಣಿಕೆ’ ಒಂದೇ ಪದ ಸಾಕೇ?

ಈಗಿರುವ ಸರ್ವರ್‌ಗೆ ಹೊಸ ಓಎಸ್ (ಆಪರೇಟಿಂಗ್ ಸಿಸ್ಟಂ) ಹಾಕುವ ಮೊದಲು ಹಾರ್ಡ್‌ವೇರ್ ಹೇಗೆ ಪರೀಕ್ಷಿಸಬೇಕು ಅಂತ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಸರ್ವರ್ ನೋಡಿಕೊಳ್ಳುವ ಕೆಲಸಕ್ಕೆ ಹೊಸದಾಗಿ ಸೇರಿದವರಿಗಾಗಿ. ಡ್ರೈವರ್, ಪ್ರೊಸೆಸರ್, ಅಪ್‌ಗ್ರೇಡ್ ಇವನ್ನೆಲ್ಲ ಹಾಗೇ ಇಟ್ಟುಕೊಂಡಿದ್ದೇನೆ. ಎಲ್ಲರೂ ಆಡುವ ಮಾತುಗಳೇ, ತಕರಾರಿಲ್ಲ. ತೊಡಕು ಬಂದಿರುವುದು ಕ್ರಿಯಾಪದಗಳಲ್ಲಿ. ‘ಈ ಮೆಷಿನ್‌ಗೆ ಹೊಸ ಓಎಸ್ ಆಗುತ್ತಾ?’ ಅನ್ನುವ ಒಂದು ಪ್ರಶ್ನೆಯೊಳಗೆ ನಾಲ್ಕು ಪ್ರಶ್ನೆಗಳಿವೆ. ನಾವು ನಾಲ್ಕಕ್ಕೂ ‘ಹೊಂದಾಣಿಕೆ’ ಅಥವಾ ‘ಬೆಂಬಲ’ ಅಂತ ಬರೆದುಬಿಡುತ್ತೇವೆ. ಓದಿದವರು ಒಂದನ್ನು ನೋಡಿ ಉಳಿದ ಮೂರನ್ನೂ ನೋಡಿದ್ದಾಯಿತು ಅಂದುಕೊಳ್ಳುತ್ತಾರೆ.

ಮೊದಲಿಗೆ ಪ್ರೊಸೆಸರ್. ರೆಡ್ ಹ್ಯಾಟ್ ಕಂಪನಿಯ ಓಎಸ್ ಆದ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 9 ಬಂದಾಗ ಎಕ್ಸ್86-64-ವಿ2 ಮಟ್ಟದ ಪ್ರೊಸೆಸರ್ ಬೇಕು ಅಂತಾಯಿತು. ಮಟ್ಟ ಅಂದರೆ ಪ್ರೊಸೆಸರ್‌ಗೆ ಯಾವ ಯಾವ ಆದೇಶಗಳು (ಇನ್‌ಸ್ಟ್ರಕ್ಷನ್‌ಗಳು) ಗೊತ್ತಿರಬೇಕು ಅನ್ನುವ ಪಟ್ಟಿ. 2025ರಲ್ಲಿ ಬಂದ 10ಕ್ಕೆ ವಿ3 ಬೇಕು, ಅಂದರೆ ಎವಿಎಕ್ಸ್2 ಆದೇಶಗಳು ಗೊತ್ತಿರುವ ಪ್ರೊಸೆಸರ್. ಇಂಟೆಲ್‌ನ ಝಿಯಾನ್ ಇ5-2600 ಸಾಲಿನಲ್ಲಿ 2013ರ ವಿ2 ಪ್ರೊಸೆಸರ್‌ಗಳಿಗೆ ಎವಿಎಕ್ಸ್2 ಇಲ್ಲ, 2014ರ ವಿ3ಗೆ ಇದೆ. ಇಲ್ಲಿ ಇನ್ನೊಂದು ಗೋಜಲಿದೆ ನೋಡಿ. ಇಂಟೆಲ್‌ನ ವಿ2, ವಿ3 ತಲೆಮಾರಿನ ಹೆಸರುಗಳು. ಎಕ್ಸ್86-64ರ ವಿ2, ವಿ3 ಆದೇಶಗಳ ಮಟ್ಟಗಳು. ಎರಡಕ್ಕೂ ನಂಟಿಲ್ಲ, ಅಕ್ಷರ ಮಾತ್ರ ಒಂದೇ. ಹಾಗಾಗಿ ಕೈಪಿಡಿಯಲ್ಲಿ ಒಂದನ್ನು ‘ತಲೆಮಾರು’, ಇನ್ನೊಂದನ್ನು ‘ಮಟ್ಟ’ ಅಂತ ಬೇರೆ ಮಾಡಿದ್ದೇನೆ. ವಿಂಡೋಸ್ ಸರ್ವರ್ 2025 ಕೂಡ ಎಸ್‌ಎಸ್‌ಇ 4.2 ಮತ್ತು ಪಾಪ್‌ಕೌಂಟ್ ಆದೇಶಗಳಿಲ್ಲದ ಪ್ರೊಸೆಸರ್ ಮೇಲೆ ಏಳುವುದಿಲ್ಲ, ಅಂದರೆ ಬೂಟ್ ಆಗುವುದಿಲ್ಲ.

ಇಂಥ ಕಡೆ ಯಂತ್ರವೇ ಕೊಡುವ ಎರರ್ ಸಂದೇಶವನ್ನು ಕನ್ನಡಕ್ಕೆ ತಂದರೆ ‘ಸಿಪಿಯು ಎಕ್ಸ್86-64-ವಿ2 ಅನ್ನು ಬೆಂಬಲಿಸುವುದಿಲ್ಲ’ ಅಂತಾಗುತ್ತದೆ. ಇನ್ನೊಂದು ಕಡೆ ‘ಈ ಓಎಸ್ ನಿಮ್ಮ ಸಿಪಿಯುವನ್ನು ಬೆಂಬಲಿಸುವುದಿಲ್ಲ’ ಅಂತಲೂ ಬರೆದಿರುತ್ತಾರೆ. ಹಾಗಾದರೆ ಯಾರು ಯಾರನ್ನು ಬೆಂಬಲಿಸಬೇಕು? ಬೆಂಬಲ ಅಂದರೆ ಬೆನ್ನಿಗೆ ಇರುವ ಬಲ. ಬೆನ್ನ ಹಿಂದೆ ನಿಲ್ಲಲು ಒಬ್ಬರು ಬೇಕು. ಪ್ರೊಸೆಸರ್ ಆದೇಶದ ಬೆನ್ನಿಗೆ ನಿಲ್ಲುವುದಿಲ್ಲ, ಅದಕ್ಕೆ ಆ ಆದೇಶ ಗೊತ್ತಿರುತ್ತದೆ ಅಥವಾ ಇರುವುದಿಲ್ಲ, ಅಷ್ಟೇ. ‘ಅವನಿಗೆ ಈಜು ಬರಲ್ಲ’ ಅನ್ನುವ ಹಾಗೆ ‘ಈ ಪ್ರೊಸೆಸರ್‌ಗೆ ಎವಿಎಕ್ಸ್2 ಬರುವುದಿಲ್ಲ’ ಅಂದರೆ ಒಂದೇ ಏಟಿಗೆ ತಿಳಿಯುತ್ತದೆ ಅಲ್ವಾ? ಕೈಪಿಡಿಯಲ್ಲಿ ಹಾಗೇ ಬರೆದಿದ್ದೇನೆ. ಇದನ್ನು ಬಿಟ್ಟುಕೊಡುವ ಮನಸ್ಸಿಲ್ಲ.

ಎರಡನೆಯದು ಬಿಡಿಭಾಗಗಳು. ನನ್ನ ಪ್ರಕಾರ ಜಾಸ್ತಿ ಅಪ್‌ಗ್ರೇಡ್‌ಗಳು ಎಡವುವುದು ಇಲ್ಲೇ. ಪ್ರೊಸೆಸರ್ ಸರಿಯಿರುತ್ತದೆ, ಮೆಮೊರಿ ಬೇಕಾದಷ್ಟಿರುತ್ತದೆ. ಆದರೆ ಹಲವು ಡಿಸ್ಕ್‌ಗಳನ್ನು ಒಟ್ಟಿಗೆ ನಡೆಸುವ ರೈಡ್ ಕಂಟ್ರೋಲರ್ ಕಾರ್ಡಿನ ಡ್ರೈವರ್ ಹೊಸ ಕರ್ನಲ್‌ನಲ್ಲಿ (ಓಎಸ್‌ನ ತಿರುಳಿನಲ್ಲಿ) ಇರುವುದೇ ಇಲ್ಲ. ಇನ್‌ಸ್ಟಾಲರ್ ಶುರುವಾಗುತ್ತದೆ, ಡಿಸ್ಕ್ ಒಂದೂ ಕಾಣುವುದಿಲ್ಲ. ರೆಡ್ ಹ್ಯಾಟ್ 8ನೇ ಆವೃತ್ತಿಯಲ್ಲಿ ಹಳೆಯ ಎಷ್ಟೋ ಕಂಟ್ರೋಲರ್‌ಗಳನ್ನು ಹೀಗೆ ಬಿಟ್ಟಿತು. ವಿಎಂವೇರ್ ಕಂಪನಿ, ಒಂದೇ ಸರ್ವರ್ ಮೇಲೆ ಹಲವು ವರ್ಚುವಲ್ ಮೆಷಿನ್ ನಡೆಸುವ ತನ್ನ ಇಎಸ್‌ಎಕ್ಸ್‌ಐ ತಂತ್ರಾಂಶದ 2020ರ 7.0 ಆವೃತ್ತಿಯಲ್ಲಿ ಹಳೆಯ ಲಿನಕ್ಸ್ ಮಾದರಿಯ ಡ್ರೈವರ್‌ಗಳನ್ನು ಪೂರಾ ತೆಗೆಯಿತು. ಕಾರ್ಡಿನ ಮೇಲಿರುವ ಹೆಸರು ನೋಡಿದರೆ ಸಾಲದು, ಲಿನಕ್ಸ್‌ನ ಎಲ್‌ಎಸ್‌ಪಿಸಿಐ (lspci) ಕಮಾಂಡ್‌ಗೆ ಎನ್‌ಎನ್ (-nn) ಸೇರಿಸಿ ಕೊಟ್ಟಾಗ ಬರುವ ಪಿಸಿಐ ಗುರುತುಸಂಖ್ಯೆಯನ್ನು ಓಎಸ್ ಕಂಪನಿಯ ಪಟ್ಟಿಯ ಜೊತೆ ತಾಳೆ ನೋಡಬೇಕು. ಒಂದೇ ಡ್ರೈವರ್ ಉಳಿದುಕೊಂಡು, ಅದರೊಳಗಿಂದ ಕೆಲವು ಕಾರ್ಡುಗಳ ಸಂಖ್ಯೆಗಳನ್ನು ಮಾತ್ರ ತೆಗೆದಿರುವುದುಂಟು.

ಇದಕ್ಕೆ ಎಲ್ಲರೂ ‘ಹೊಂದಾಣಿಕೆ’ ಅನ್ನುತ್ತಾರೆ. ನನಗೆ ಅದು ಒಪ್ಪಿಗೆಯಾಗಿಲ್ಲ. ‘ಹೊಂದಾಣಿಕೆ ಮಾಡಿಕೊಂಡು ಹೋಗಿ’ ಅಂತ ದಿನಾ ಕೇಳುವ ಮಾತದು. ಅದರಲ್ಲಿ ಇಬ್ಬರೂ ಸ್ವಲ್ಪ ಸ್ವಲ್ಪ ಬಗ್ಗುವ ಅರ್ಥವಿದೆ. ಕಂಟ್ರೋಲರ್ ಬಗ್ಗುವುದಿಲ್ಲ. ‘ಒಗ್ಗು’ ಹೇಗೆ? ‘ಈ ನೀರು ನನಗೆ ಒಗ್ಗುವುದಿಲ್ಲ’ ಅನ್ನುತ್ತೇವಲ್ಲ, ಅಲ್ಲಿ ರಾಜಿಗೆ ಜಾಗವಿಲ್ಲ. ‘ಈ ಕಾರ್ಡ್ ಹೊಸ ಕರ್ನಲ್‌ಗೆ ಒಗ್ಗುತ್ತದೆ’, ‘ಒಗ್ಗುವ ಹಾರ್ಡ್‌ವೇರ್ ಪಟ್ಟಿ’. ಒಂದೇ ಅಡ್ಡಿ: ‘ಒಗ್ಗಿಕೊಳ್ಳು’ ಅಂದ ಕೂಡಲೇ ನಿಧಾನಕ್ಕೆ ರೂಢಿಯಾಗುವ ಅರ್ಥ ಬರುತ್ತದೆ. ‘ಕೊಳ್ಳು’ ಸೇರಿಸದೆ ಬಳಸಿದರೆ ಸಾಕೇ?

ಇದರ ಜೊತೆಗೇ ಮೂರು ಸ್ಥಿತಿಗಳಿಗೆ ಪದ ಬೇಕು. ತೆಗೆದುಹಾಕಿದ ಡ್ರೈವರ್, ಮುಂದೆ ತೆಗೆಯುತ್ತೇವೆ ಅಂತ ಸೂಚನೆ ಕೊಟ್ಟ ಡ್ರೈವರ್, ಇದ್ದರೂ ಯಾರೂ ನೋಡಿಕೊಳ್ಳದ ಡ್ರೈವರ್. ‘ಕೈಬಿಟ್ಟದ್ದು’, ‘ಕೈಬಿಡಲಿರುವುದು’ ಹೊಂದಿಕೊಂಡವು. ಮೂರನೆಯದಕ್ಕೆ ‘ಆರೈಕೆ ಇಲ್ಲದ್ದು’ ಅಂತ ಹಾಕಿದ್ದೇನೆ, ಅಷ್ಟು ಸಮಾಧಾನವಿಲ್ಲ.

ಮೂರನೇ ಪ್ರಶ್ನೆಗೆ ಮಾತ್ರ ‘ಬೆಂಬಲ’ ಉಳಿಸಿಕೊಂಡಿದ್ದೇನೆ. ಓಎಸ್ ಓಡುತ್ತದೆ, ಕಾರ್ಡೂ ಕೆಲಸ ಮಾಡುತ್ತದೆ, ಆದರೆ ಆ ಮಾಡೆಲ್ ಸರ್ವರ್ ಜೊತೆ ಆ ಆವೃತ್ತಿಯನ್ನು ಕಂಪನಿ ಪರೀಕ್ಷಿಸಿ ಒಪ್ಪಿದ ಪಟ್ಟಿಯಲ್ಲಿ ಇಲ್ಲ. ಕೆಟ್ಟರೆ ಕೇಳುವವರಿಲ್ಲ. ಇದು ನಿಜಕ್ಕೂ ಬೆನ್ನಿಗೆ ನಿಲ್ಲುವ ಮಾತು, ಪದ ಸರಿಯಾಗಿ ಕೂರುತ್ತದೆ.

ನಾಲ್ಕನೆಯದು ಲೋಡ್, ಅಂದರೆ ಸರ್ವರ್ ಮೇಲೆ ಬೀಳುವ ಕೆಲಸದ ಹೊರೆ. ವಿಂಡೋಸ್ ಸರ್ವರ್ 2022ಕ್ಕೆ ಕನಿಷ್ಠ 1.4 ಗಿಗಾಹರ್ಟ್ಸ್ ಪ್ರೊಸೆಸರ್, ಡೆಸ್ಕ್‌ಟಾಪ್ ಪರದೆ ಇಲ್ಲದ ಬಗೆಯನ್ನು ಹಾಕಿದರೆ 512 ಎಂಬಿ ಮೆಮೊರಿ, 32 ಜಿಬಿ ಡಿಸ್ಕ್. ಇದನ್ನು ‘ಕನಿಷ್ಠ ಅಗತ್ಯ’ ಅಂತ ಬರೆದರೆ ‘ಇಷ್ಟಿದ್ದರೆ ಸಾಕು’ ಅಂತ ಓದುತ್ತಾರೆ. ಅದು ಇನ್‌ಸ್ಟಾಲ್ ಆಗಿ ಏಳುವುದಕ್ಕೆ ಬೇಕಾದಷ್ಟು, ಡೇಟಾಬೇಸ್ ನಡೆಸುವುದಕ್ಕಲ್ಲ. ಆದ್ದರಿಂದ ‘ಏಳಲು ಬೇಕಾದದ್ದು’, ‘ನಡೆಯಲು ಬೇಕಾದದ್ದು’ ಅಂತ ಎರಡು ಕಾಲಂ ಮಾಡಿದ್ದೇನೆ. ಎರಡನೆಯದನ್ನು ಈಗಿನ ಸರ್ವರ್ ಅತಿ ಹೆಚ್ಚು ಕೆಲಸವಿದ್ದ ಹೊತ್ತಿನಲ್ಲಿ ಎಷ್ಟು ಮೆಮೊರಿ ತಿಂದಿತು, ಮೆಮೊರಿ ಸಾಲದೆ ಡಿಸ್ಕ್ ಬಳಸುವ ಸ್ವಾಪ್‌ಗೆ ಇಳಿಯಿತೇ, ಡಿಸ್ಕ್‌ಗೆ ಎಷ್ಟು ಕಾಯಿತು ಅನ್ನುವುದರಿಂದ ಲೆಕ್ಕ ಹಾಕಬೇಕು.

ಇಲ್ಲಿ ಆಡುಮಾತಿನ ‘ಲೋಡ್ ತಡೆಯುತ್ತಾ?’ ನನಗೆ ತುಂಬಾ ಇಷ್ಟ. ಬಳಸಲಾಗುತ್ತಿಲ್ಲ. ರೆಡ್ ಹ್ಯಾಟ್‌ನ ಲೀಪ್ ಸಲಕರಣೆ ಅಪ್‌ಗ್ರೇಡ್‌ಗೆ ಮುಂಚೆ ಕೊಡುವ ವರದಿಯಲ್ಲಿ, ಸರಿಪಡಿಸದೆ ಮುಂದೆ ಹೋಗಲಾಗದ ಅಂಶಗಳಿಗೆ ‘ತಡೆ’ ಅಂತ ಆಗಲೇ ಬರೆದಿದ್ದೇನೆ. ಒಂದೇ ಪುಟದಲ್ಲಿ ‘ತಡೆಯುತ್ತದೆ’ ಒಮ್ಮೆ ಒಳ್ಳೆಯ ಸುದ್ದಿ, ಇನ್ನೊಮ್ಮೆ ಕೆಟ್ಟ ಸುದ್ದಿ ಆದರೆ ಹೊಸಬರಿಗೆ ಕಷ್ಟ. ‘ತಾಳುತ್ತದೆ’ ಬಳಸೋಣವೆಂದರೆ, ‘ತಾಳಿಕೆ’ ಆದಾಗ ಎಷ್ಟು ವರ್ಷ ಬಾಳುತ್ತದೆ ಅನ್ನುವ ಅರ್ಥಕ್ಕೆ ಜಾರುತ್ತದೆ. ಸರ್ವರ್ ವಿಚಾರದಲ್ಲಿ ಆಯಸ್ಸೂ ಒಂದು ಪ್ರಶ್ನೆಯೇ ಆದ್ದರಿಂದ ಗೊಂದಲ ಇನ್ನೂ ಹೆಚ್ಚು.

ಬಲ್ಲವರು ಎರಡು ವಿಷಯ ತಿಳಿಸಿ. ಲೋಡ್ ವಿಚಾರಕ್ಕೆ ‘ತಾಳು’ ಇಟ್ಟುಕೊಂಡು, ವರದಿಯ ‘ತಡೆ’ಯನ್ನು ‘ಅಡ್ಡಿ’ ಅಂತ ಬದಲಿಸಲೇ, ಅಥವಾ ‘ಲೋಡ್ ಹೊರುತ್ತದೆ’ ಅನ್ನುವುದು ನಿಮ್ಮ ಕಿವಿಗೆ ಸಹಜವೇ? ‘ಒಗ್ಗುವ ಹಾರ್ಡ್‌ವೇರ್’ ಅಂತ ಓದಿದಾಗ ವಿವರಣೆ ಇಲ್ಲದೆ ಅರ್ಥವಾಯಿತೇ? ಬೇರೆ ಪದ ಹೊಳೆದರೆ ಒಂದು ಪೂರ್ತಿ ವಾಕ್ಯದಲ್ಲಿ ಇಟ್ಟು ಬರೆಯಿರಿ, ಬಿಡಿ ಪದವಾಗಿ ನೋಡಿದರೆ ಎಲ್ಲವೂ ಸರಿ ಅನ್ನಿಸುತ್ತದೆ.