ಬೆನ್-ಹರ್ ಸಿನಿಮಾದಲ್ಲಿ ಯೇಸುವಿನ ಮುಖ ಯಾಕೆ ತೋರಿಸಲ್ಲ?

ಶರಾವತಿ, ಡೊಂಬಿವಲಿ:
ನಮಸ್ಕಾರ ಎಲ್ಲರಿಗೂ. ಭಾನುವಾರ ಮಗಳ ಜೊತೆ 1959ರ ಬೆನ್-ಹರ್ ನೋಡಿದೆ. ಮೂರೂವರೆ ಗಂಟೆ, ನಡುವೆ ಊಟ ಮುಗಿಸಿ ಮತ್ತೆ ಕೂತೆವು. ರಥದ ಓಟಕ್ಕೆ ಅವಳು ಎದ್ದೇ ನಿಂತುಬಿಟ್ಟಳು. ಆಮೇಲೆ ಎರಡು ಪ್ರಶ್ನೆ ಕೇಳಿದಳು, ನನಗೆ ಉತ್ತರ ಹೊಳೆಯಲಿಲ್ಲ. ಯೇಸುವಿನ ಮುಖ ಒಮ್ಮೆಯೂ ಯಾಕೆ ತೋರಿಸಲ್ಲ? ನಾಯಕ ಜೂಡಾನ ಗೆಳೆಯನಾಗಿದ್ದು ಶತ್ರುವಾದ ಮೆಸ್ಸಾಲ ಸತ್ತ ಮೇಲೂ ಕತೆ ಯಾಕೆ ಅಷ್ಟು ಹೊತ್ತು ನಡೆಯುತ್ತೆ, ಜೂಡಾ ಗೆದ್ದಾಯ್ತಲ್ವಾ?

ಮಾಟುಂಗಾ ಮಾವ:
ತಂಗೀ, ಮುಖ ತೋರಿಸದಿರುವುದು ಈ ಸಿನಿಮಾದಿಂದ ಶುರುವಾದದ್ದಲ್ಲ. ಲ್ಯೂ ವಾಲೇಸ್ ಅವರ ಕಾದಂಬರಿ ಬಂದಿದ್ದು 1880ರಲ್ಲಿ. ಅದನ್ನು ನಾಟಕ ಮಾಡಲು ಅವರು ಸುಲಭಕ್ಕೆ ಒಪ್ಪಲಿಲ್ಲ, ಕೊನೆಗೆ ಯೇಸುವಿನ ವೇಷ ಯಾವ ನಟನೂ ಹಾಕಕೂಡದು ಅನ್ನುವ ಮಾತಿನ ಮೇಲೆ ಒಪ್ಪಿದರು. 1899ರ ಆ ನಾಟಕದಲ್ಲಿ ಯೇಸು ಅಂದರೆ ಒಂದು ಬೆಳಕಿನ ಕಿರಣ ಅಷ್ಟೇ. ಈ ಸಿನಿಮಾದ ನಿರ್ದೇಶಕ ವೈಲರ್ ಬೆನ್ನು, ಕೈ ತೋರಿಸಿದರು, ಮುಖ ಮಾತ್ರ ನಮಗೇ ಬಿಟ್ಟರು.

ಹುಬ್ಬಳ್ಳಿ ಹುಡುಗ, ಗೋರೆಗಾಂವ್:
ಮಾವ ಹೇಳಿದ್ದು ಸರಿ. ಅಕ್ಕಾ, ನಜರೇತಿನ ದೃಶ್ಯ ಮತ್ತೊಮ್ಮೆ ನೋಡಿ. ಸಂಕೋಲೆ ಹಾಕಿಸಿಕೊಂಡ ಜೂಡಾ ಬಾಯಾರಿ ನೆಲಕ್ಕೆ ಬೀಳುತ್ತಾನೆ, ಅವನಿಗೆ ನೀರು ಕೊಡಬೇಡಿ ಅಂತ ಸೈನಿಕ ಅಂದಿರುತ್ತಾನೆ, ಆದರೂ ಯೇಸು ಬಂದು ಕುಡಿಸುತ್ತಾರೆ. ತಡೆಯಲು ಬಂದ ಆ ಸೈನಿಕ ಅವರ ಮುಖ ನೋಡಿ ಸುಮ್ಮನಾಗುತ್ತಾನೆ. ಆ ಮುಖ ಹೇಗಿತ್ತು ಅಂತ ನಮಗೆ ಗೊತ್ತಾಗುವುದು ಸೈನಿಕನ ಕಣ್ಣಿಂದಲೇ.
ಎರಡನೇ ಪ್ರಶ್ನೆಗೂ ಉತ್ತರ ನೀರಲ್ಲೇ ಇದೆ. ಓಟ ಗೆದ್ದರೂ ಜೂಡಾನ ಸಿಟ್ಟು ತಣಿಯಲ್ಲ. ನೀನೇ ಮೆಸ್ಸಾಲ ಆಗಿಬಿಟ್ಟಿದ್ದೀಯ ಅಂತ ಅವನ ಪ್ರೇಯಸಿ ಎಸ್ತೇರ್ ನೇರವಾಗಿ ಹೇಳುತ್ತಾಳೆ. ಶಿಲುಬೆ ಹೊತ್ತು ಬಿದ್ದ ಯೇಸುವನ್ನು ಗುರುತು ಹಿಡಿದು ಅವನು ನೀರು ತರುತ್ತಾನಲ್ಲ, ನನಗೆ ಅಲ್ಲಿ ಗಂಟಲು ಕಟ್ಟಿತು. ಅದೇ ಋಣ, ಅದನ್ನೂ ತೀರಿಸಲು ಬಿಡಲ್ಲ ಸೈನಿಕರು.

ವಾಶಿ ವಾಸಿ:
ನನಗೆ ಕೊನೆ ಅಷ್ಟು ಹಿಡಿಸಲಿಲ್ಲ. ಜೂಡಾನ ತಾಯಿ, ತಂಗಿಯ ಕುಷ್ಠ ಒಂದೇ ಬಿರುಗಾಳಿಯಲ್ಲಿ ವಾಸಿಯಾಗುವುದು ತುಂಬಾ ಸುಲಭವಾಯ್ತು. ಅವರು ಹಾಗೇ ಇದ್ದು, ಜೂಡಾ ಅವರನ್ನು ಮನೆಗೆ ಕರೆತಂದಿದ್ದರೂ ನಾನು ನಂಬುತ್ತಿದ್ದೆ.

ಮಾಟುಂಗಾ ಮಾವ:
ಆದರೆ ಜೂಡಾ ಬದಲಾಗುವುದು ಪವಾಡ ನೋಡಿ ಅಲ್ಲಪ್ಪ. ವಾಸಿಯಾಗಿದ್ದು ಅವನಿಗೆ ಗೊತ್ತಾಗುವುದು ಮನೆಗೆ ಬಂದ ಮೇಲೆ. ಅದಕ್ಕೂ ಮುಂಚೆ, ಕೊಲ್ಲುವವರನ್ನೇ ಕ್ಷಮಿಸು ಅಂತ ಯೇಸು ದೇವರಿಗೆ ಅಂದಿದ್ದನ್ನು ಶಿಲುಬೆಯ ಹತ್ತಿರ ನಿಂತು ಕೇಳಿಸಿಕೊಂಡಿದ್ದ.

ಶರಾವತಿ, ಡೊಂಬಿವಲಿ:
ಇದು ನನಗೆ ಹೊಳೆದೇ ಇರಲಿಲ್ಲ ಮಾವ. ಈಗಲೇ ಮಗಳಿಗೆ ನಜರೇತಿನ ದೃಶ್ಯ ಹಾಕಿದೆ, ಸೈನಿಕನ ಮುಖದ ಹತ್ತಿರ ಅವಳೇ ನಿಲ್ಲಿಸಿ ನೋಡುತ್ತಿದ್ದಾಳೆ.